ಮಿದುಳಿನ ಚಿತ್ರ ಹೇಳುವುದೇನು?

ಕೆಲವು ತಿಂಗಳ ಹಿಂದಿನ ಮಾತು. ಒಂದು ಸಂಜೆ ನನ್ನ ಕ್ಲಿನಿಕ್ಕಿಗೆ ತಾಯಿಯೊಬ್ಬರು ತಮ್ಮ 13 ವರ್ಷದ ಮಗನನ್ನು ಕರೆದುಕೊಂಡು ಬಂದರು. ಜೊತೆಯಲ್ಲಿ ಹುಡುಗನ ಅಜ್ಜನೂ ಇದ್ದರು. ಹುಡುಗನಿಗೆ ಜ್ವರವಿರಲಿಲ್ಲ, ಕೆಮ್ಮು ನೆಗಡಿಯೂ ಇರಲಿಲ್ಲ.

“ಏಳನೇ ಕ್ಲಾಸಿನ ತನಕ ಚೆನ್ನಾಗಿ ಓದ್ತಿದ್ದ ಡಾಕ್ಟ್ರೇ. ಈ ವರ್ಷ ಏನಾಗಿದೆಯೋ ಗೊತ್ತಿಲ್ಲ, ಮಾರ್ಕ್ಸೆಲ್ಲ ಇಳಿದುಹೋಗಿದೆ. ಓದಿದ್ದು ತಲೆಗೆ ಹತ್ತೋದೇ ಇಲ್ಲ. ಸಂಜೆಯಾದರೆ ತಲೆನೋವು ಅಂತಾನೆ. ಒಂದು ಸ್ಕ್ಯಾನಿಂಗಿಗೆ ಬರೆದುಕೊಡಿ, ಮಿದುಳಿನಲ್ಲಿ ಏನಾದರೂ ಇದ್ದರೆ ಗೊತ್ತಾಗಲಿ” ಎಂದರು ತಾಯಿ.

ಹುಡುಗನನ್ನು ಪರೀಕ್ಷಿಸಿದೆ. ನರಮಂಡಲದಲ್ಲಿ ಯಾವ ದೋಷವೂ ಕಾಣಲಿಲ್ಲ. ಗೋಡೆಗೆ ತೂಗುಹಾಕಿದ್ದ ಅಕ್ಷರಗಳ ಪಟವನ್ನು ಓದಿಸಿದಾಗ ಮಾತ್ರ ಮೂರನೆಯ ಸಾಲಿಗೇ ತಡವರಿಸಿದ. ಅವನು ತರಗತಿಯಲ್ಲಿ ಕೂರುತ್ತಿದ್ದುದು ಹಿಂದಿನ ಬೆಂಚಿನಲ್ಲಿ. ಬೋರ್ಡಿನ ಮೇಲೆ ಬರೆದದ್ದು ಅವನಿಗೆ ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಮೆಲ್ಲಗೆ ವಿಚಾರಿಸಿದಾಗ, ರಾತ್ರಿ ಒಂದು ಗಂಟೆಯವರೆಗೂ ಹೊದಿಕೆಯೊಳಗೆ ಮೊಬೈಲ್ ಫೋನ್ ನೋಡುತ್ತಿದ್ದ ಸಂಗತಿಯೂ ಹೊರಬಿತ್ತು.

ಇಷ್ಟರಲ್ಲಿ ನನ್ನ ಗಮನ ಅಜ್ಜನ ಕಡೆಗೆ ಹೋಗಿತ್ತು. ಅವರು ಒಳಗೆ ಬಂದಾಗ ಹೆಜ್ಜೆಯನ್ನು ನೆಲಕ್ಕೆ ಸವರಿದಂತೆ ಇಡುತ್ತಿದ್ದರು. ಕುರ್ಚಿಯಿಂದ ಏಳಲು ಮೇಜಿನ ಆಸರೆ ಬೇಕಾಯಿತು. “ಮಾವನವರಿಗೆ ಈಚೆಗೆ ಸ್ವಲ್ಪ ಮರೆವು. ವಯಸ್ಸಾಯಿತಲ್ಲ” ಎಂದು ಸೊಸೆ ಹೇಳಿದರು. ರಕ್ತದೊತ್ತಡ ನೋಡಿದೆ: 184/102. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದಾಗಲೂ ಹೆಚ್ಚುಕಡಿಮೆ ಅಷ್ಟೇ. “ನಾಲ್ಕು ವರ್ಷದ ಹಿಂದೆ ಬಿ.ಪಿ. ಮಾತ್ರೆ ಕೊಟ್ಟಿದ್ದರು ಡಾಕ್ಟ್ರೇ. ಮೈಗೇನೂ ತೊಂದರೆ ಅನ್ನಿಸಲಿಲ್ಲ, ಬಿಟ್ಟೆ” ಎಂದರು ಅವರು.

ಹೀಗೆ ಮೊಮ್ಮಗನಿಗೆಂದು ಕೇಳಿದ ಸ್ಕ್ಯಾನಿಂಗ್ ಚೀಟಿ ಅಜ್ಜನ ಹೆಸರಿಗೆ ಹೋಯಿತು. ಮೊಮ್ಮಗನಿಗೆ ಕಣ್ಣಿನ ವೈದ್ಯರ ವಿಳಾಸ ಕೊಟ್ಟೆ. ಅಜ್ಜನ ಎಂ.ಆರ್.ಐ. ವರದಿ ಬಂದಾಗ, ಅವರಿಗೆ ಗೊತ್ತೇ ಆಗದಂತೆ ಮಿದುಳಿನಲ್ಲಿ ಎರಡು ಸಣ್ಣ ಪಾರ್ಶ್ವವಾಯುಗಳು ಆಗಿಹೋಗಿದ್ದ ಗುರುತು ಅದರಲ್ಲಿತ್ತು.

ಮಿದುಳಿನ ಚಿತ್ರದಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬ ಬಗ್ಗೆ ನಮ್ಮ ಕುಟುಂಬಗಳಲ್ಲಿ ಬಹಳ ಗೊಂದಲವಿದೆ. ಬೇಡವಾದಲ್ಲಿ ಸ್ಕ್ಯಾನ್ ಕೇಳುತ್ತೇವೆ. ಬೇಕಾದಲ್ಲಿ “ವಯಸ್ಸಾಯಿತು” ಎಂದು ಸುಮ್ಮನಾಗುತ್ತೇವೆ. ಆದ್ದರಿಂದ ಈ ವಾರ ಆ ವಿಷಯ.

ಮುಚ್ಚಿದ ಪೆಟ್ಟಿಗೆ ತೆರೆದದ್ದು ಹೇಗೆ?

ಮಿದುಳು ತಲೆಬುರುಡೆಯೆಂಬ ಗಟ್ಟಿ ಪೆಟ್ಟಿಗೆಯಲ್ಲಿ ಅಡಗಿರುವ ಅಂಗ. ನಮ್ಮ ದೇಹದ ತೂಕದಲ್ಲಿ ಅದರ ಪಾಲು ಶೇಕಡಾ 2 ಮಾತ್ರ. ಆದರೆ ನಾವು ವಿಶ್ರಾಂತಿಯಲ್ಲಿರುವಾಗಲೂ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇಕಡಾ 20ನ್ನು ಅದೇ ಉಪಯೋಗಿಸಿಕೊಳ್ಳುತ್ತದೆ. ಇಂಥ ಅಂಗವನ್ನು ಬದುಕಿರುವಾಗಲೇ ನೋಡುವ ದಾರಿ ವೈದ್ಯರಿಗೆ ಬಹುಕಾಲ ಇರಲಿಲ್ಲ.

1895ರಲ್ಲಿ ಜರ್ಮನಿಯ ರಾಂಟ್ಜನ್ ಎಕ್ಸ್‌ರೇ ಕಂಡುಹಿಡಿದರು. ಅದರಲ್ಲಿ ಬುರುಡೆಯ ಮೂಳೆ ಸ್ಪಷ್ಟವಾಗಿ ಕಂಡಿತೇ ಹೊರತು ಒಳಗಿನ ಮೆತ್ತನೆಯ ಮಿದುಳು ಕಾಣಲಿಲ್ಲ. 1918ರಲ್ಲಿ ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ ಮಿದುಳಿನ ಕುಹರಗಳಿಗೆ ಗಾಳಿ ತುಂಬಿಸಿ ಎಕ್ಸ್‌ರೇ ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಗಾಳಿ ತುಂಬಿದ ಜಾಗದ ಆಕಾರ ನೋಡಿ ಗಡ್ಡೆ ಎಲ್ಲಿರಬಹುದೆಂದು ಊಹಿಸಬೇಕಿತ್ತು. ರೋಗಿಗೆ ಅದು ಬಹಳ ಯಾತನೆಯ ಪರೀಕ್ಷೆಯಾಗಿತ್ತು.

ನಿಜವಾದ ತಿರುವು ಬಂದದ್ದು 1971ರ ಅಕ್ಟೋಬರ್ 1ರಂದು. ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ, ಮಿದುಳಿನಲ್ಲಿ ಗಡ್ಡೆಯಿರಬಹುದೆಂಬ ಶಂಕೆಯಿದ್ದ ಮಹಿಳೆಯೊಬ್ಬರ ತಲೆಯನ್ನು ಹೊಸ ಯಂತ್ರವೊಂದರಲ್ಲಿ ಇರಿಸಿ ಚಿತ್ರ ತೆಗೆಯಲಾಯಿತು. ಗಡ್ಡೆ ಚಿತ್ರದಲ್ಲಿ ಮೂಡಿತು. ಇದೇ ಮೊದಲ ಸಿ.ಟಿ. ಸ್ಕ್ಯಾನ್. ಯಂತ್ರವನ್ನು ರೂಪಿಸಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ವೈದ್ಯರಲ್ಲ. ಗ್ರಾಮಫೋನ್ ತಟ್ಟೆಗಳಿಗೆ ಹೆಸರಾಗಿದ್ದ ಇ.ಎಂ.ಐ. ಕಂಪನಿಯ ಎಂಜಿನಿಯರ್. ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಒಳಗನ್ನು ನೋಡುವಂತೆ, ತಲೆಯನ್ನು ಕೊಯ್ಯದೆಯೇ ಅದರ ಒಂದೊಂದು ಪದರವನ್ನು ಎಕ್ಸ್‌ರೇ ಮತ್ತು ಕಂಪ್ಯೂಟರಿನ ನೆರವಿನಿಂದ ತೋರಿಸುವುದು ಇದರ ವಿಶೇಷ. ಇದಕ್ಕಾಗಿ 1979ರಲ್ಲಿ ಹೌನ್ಸ್‌ಫೀಲ್ಡ್ ಮತ್ತು ಅಲನ್ ಕಾರ್ಮಾಕ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಎಂ.ಆರ್.ಐ.ಯಲ್ಲಿ ಎಕ್ಸ್‌ರೇ ಬಳಕೆಯೇ ಇಲ್ಲ. ಬಲವಾದ ಅಯಸ್ಕಾಂತ ಹಾಗೂ ರೇಡಿಯೋ ಅಲೆಗಳಿಂದ, ದೇಹದ ನೀರಿನಲ್ಲಿರುವ ಹೈಡ್ರೊಜನ್ ಕೊಡುವ ಸಂಕೇತಗಳನ್ನು ಹಿಡಿದು ಚಿತ್ರ ರೂಪಿಸುತ್ತದೆ. ಈ ವಿದ್ಯೆಗೆ ಅಡಿಪಾಯ ಹಾಕಿದ ಪಾಲ್ ಲಾಟರ್ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ದೊರೆಯಿತು. 1990ರಲ್ಲಿ ಜಪಾನಿನ ವಿಜ್ಞಾನಿ ಸೈಜಿ ಒಗಾವ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮಿದುಳಿನ ಯಾವ ಭಾಗ ಕೆಲಸದಲ್ಲಿ ತೊಡಗುತ್ತದೋ ಅಲ್ಲಿಗೆ ಆಮ್ಲಜನಕ ಹೊತ್ತ ರಕ್ತ ಹೆಚ್ಚು ಹರಿಯುತ್ತದೆ. ಆ ವ್ಯತ್ಯಾಸವನ್ನು ಎಂ.ಆರ್.ಐ. ಹಿಡಿಯಬಲ್ಲದು ಎಂದು ತೋರಿಸಿದರು. ಇದನ್ನು ‘ಫಂಕ್ಷನಲ್ ಎಂ.ಆರ್.ಐ.’ ಎನ್ನುತ್ತಾರೆ. ಓದುವಾಗ, ಕೇಳುವಾಗ, ಲೆಕ್ಕ ಮಾಡುವಾಗ ಮಿದುಳಿನ ಯಾವ ಯಾವ ಭಾಗ ಹೆಚ್ಚು ದುಡಿಯುತ್ತದೆ ಎಂದು ನೋಡಲು ಇದರಿಂದ ಸಾಧ್ಯವಾಯಿತು.

ನಾವು ಮಿದುಳಿನ ಶೇಕಡಾ 10ರಷ್ಟನ್ನು ಮಾತ್ರ ಬಳಸುತ್ತೇವೆ ಎಂಬ ಮಾತನ್ನು ನೀವೂ ಕೇಳಿರಬಹುದು. ಈ ಚಿತ್ರಗಳು ಅದನ್ನು ಸುಳ್ಳಾಗಿಸಿವೆ. ಒಂದು ಸಾಮಾನ್ಯ ದಿನದಲ್ಲಿ ಕೆಲಸವಿಲ್ಲದೆ ಖಾಲಿ ಕುಳಿತಿರುವ ಭಾಗ ಮಿದುಳಿನಲ್ಲಿ ಯಾವುದೂ ಇಲ್ಲ. ನಿದ್ರೆಯಲ್ಲೂ ಅದು ದುಡಿಯುತ್ತಲೇ ಇರುತ್ತದೆ.

ಮಕ್ಕಳ ಮಿದುಳು: ಕಟ್ಟಡ ಇನ್ನೂ ಮುಗಿದಿಲ್ಲ

ಆರು ವರ್ಷದ ಹೊತ್ತಿಗೆ ಮಗುವಿನ ಮಿದುಳು ಗಾತ್ರದಲ್ಲಿ ದೊಡ್ಡವರ ಮಿದುಳಿನ ಶೇಕಡಾ 90ರಷ್ಟಾಗಿರುತ್ತದೆ. ಆದ್ದರಿಂದ ಬಾಲ್ಯ ಮುಗಿದರೆ ಮಿದುಳಿನ ಬೆಳವಣಿಗೆಯೂ ಮುಗಿಯಿತು ಎಂದೇ ಬಹಳ ಕಾಲ ತಿಳಿಯಲಾಗಿತ್ತು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಜೇ ಗೀಡ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ನೋಡಿದರು. ಅವರು 145 ಮಕ್ಕಳು ಮತ್ತು ಹರೆಯದವರ ಎಂ.ಆರ್.ಐ. ತೆಗೆದು, ಹಲವರಿಗೆ ಕೆಲವು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ತೆಗೆದು ಹೋಲಿಸಿ, 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಣೆಯ ಹಿಂಭಾಗದ ಮಿದುಳಿನಲ್ಲಿರುವ ಬೂದು ದ್ರವ್ಯ, ಅಂದರೆ ನರಕೋಶಗಳು ತುಂಬಿರುವ ಭಾಗ, ಹುಡುಗಿಯರಲ್ಲಿ ಸುಮಾರು 11 ವರ್ಷಕ್ಕೆ, ಹುಡುಗರಲ್ಲಿ ಸುಮಾರು 12 ವರ್ಷಕ್ಕೆ ಅತಿ ಹೆಚ್ಚಾಗಿ, ಅನಂತರ ನಿಧಾನವಾಗಿ ತೆಳುವಾಗುತ್ತದೆ.

ತೆಳುವಾಗುವುದೆಂದರೆ ನಷ್ಟವಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ರೈತರು ಒತ್ತಾಗಿ ಎದ್ದ ಸಸಿಗಳಲ್ಲಿ ಕೆಲವನ್ನು ಕಿತ್ತು ಉಳಿದವಕ್ಕೆ ಜಾಗ ಮಾಡಿಕೊಡುವುದಿಲ್ಲವೇ? ಹಾಗೆಯೇ ಮಿದುಳು ತಾನು ಬಳಸದ ನರಸಂಪರ್ಕಗಳನ್ನು ಕಡಿದುಹಾಕಿ, ಮತ್ತೆ ಮತ್ತೆ ಬಳಸುವ ಸಂಪರ್ಕಗಳನ್ನು ಬಲಪಡಿಸುತ್ತದೆ. ಇದೇ ಸಮಯದಲ್ಲಿ ಬಿಳಿ ದ್ರವ್ಯ, ಅಂದರೆ ಒಂದು ಭಾಗದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ನರತಂತುಗಳು, ಹೆಚ್ಚುತ್ತಾ ಹೋಗುತ್ತವೆ. ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ಈ ತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಬೆಳೆಯುತ್ತದೆ. ಅದರಿಂದ ಸಂದೇಶಗಳು ವೇಗವಾಗಿ ಸಾಗುತ್ತವೆ.

2022ರಲ್ಲಿ ಪ್ರಕಟವಾದ ಒಂದು ಬೃಹತ್ ಅಧ್ಯಯನದಲ್ಲಿ ಹಲವು ದೇಶಗಳ ಒಂದು ಲಕ್ಷಕ್ಕೂ ಹೆಚ್ಚು ಜನರ 1,23,984 ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಲಾಯಿತು. ಗರ್ಭದಲ್ಲಿರುವ ಶಿಶುವಿನಿಂದ ಹಿಡಿದು 100 ವರ್ಷದ ವೃದ್ಧರವರೆಗೆ ಎಲ್ಲ ವಯಸ್ಸಿನವರ ಚಿತ್ರಗಳೂ ಅದರಲ್ಲಿದ್ದವು. ಒಟ್ಟು ಬೂದು ದ್ರವ್ಯ ಸುಮಾರು 6 ವರ್ಷಕ್ಕೆ ಗರಿಷ್ಠ ಮಟ್ಟ ಮುಟ್ಟಿದರೆ, ಬಿಳಿ ದ್ರವ್ಯ ಗರಿಷ್ಠ ಮಟ್ಟ ಮುಟ್ಟುವುದು ಸುಮಾರು 29 ವರ್ಷಕ್ಕೆ ಎಂದು ತಿಳಿದುಬಂತು. ಕಡೆಯಲ್ಲಿ ಪಕ್ವವಾಗುವ ಭಾಗಗಳಲ್ಲಿ ಹಣೆಯ ಹಿಂದಿನ ಭಾಗ ಮುಖ್ಯವಾದದ್ದು. ಮುಂದಾಲೋಚನೆ, ಸಿಟ್ಟಿನ ಹತೋಟಿ, ಆಸೆಯನ್ನು ತಡೆದುಕೊಳ್ಳುವುದು, ಅಪಾಯವನ್ನು ತೂಗಿ ನೋಡುವುದು, ಇವೆಲ್ಲ ಅದರ ಕೆಲಸ.

ಇದರಿಂದ ತಂದೆತಾಯಿಗಳು ತಿಳಿಯಬೇಕಾದದ್ದೇನು? ಹದಿಮೂರರ ಹುಡುಗ ಮೈಕಟ್ಟಿನಲ್ಲಿ ಅಪ್ಪನ ಭುಜಕ್ಕೆ ಬಂದಿರಬಹುದು. ಆದರೆ ಅವನ ಮಿದುಳಿನ ಕಡಿವಾಣ ಇನ್ನೂ ತಯಾರಾಗುತ್ತಿದೆ. ಆತುರ, ಮರುಕ್ಷಣದ ಸಿಟ್ಟು, ಗೆಳೆಯರೆದುರು ಮಾಡುವ ಹುಡುಗಾಟಗಳಿಗೆ ಇದೂ ಒಂದು ಕಾರಣ. ಹಾಗೆಂದು ತಪ್ಪನ್ನೆಲ್ಲ ಮನ್ನಿಸಬೇಕೆಂದಲ್ಲ. ಕಡಿವಾಣ ಗಟ್ಟಿಯಾಗುವವರೆಗೆ ಅದನ್ನು ಹಿಡಿದುಕೊಳ್ಳಲು ಹಿರಿಯರ ಕೈಯೂ ಜೊತೆಗಿರಬೇಕು. ಆ ಕೈ ಹೊಡೆಯುವ ಕೈ ಆಗಬಾರದು.

ಪ್ರೀತಿಯ ಕೊರತೆ ಚಿತ್ರದಲ್ಲಿ ಕಂಡಾಗ

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ” ಎಂಬ ಗಾದೆ ನಮ್ಮಲ್ಲಿದೆ. ಎಳವೆಯ ಮಹತ್ವವನ್ನು ಮಿದುಳಿನ ಚಿತ್ರಗಳಲ್ಲಿ ತೋರಿಸಿದ ಒಂದು ದುಃಖದ ಪ್ರಸಂಗ ರುಮೇನಿಯಾ ದೇಶದ್ದು. 1989ರ ಕೊನೆಯಲ್ಲಿ ಚೌಸೆಸ್ಕು ಆಡಳಿತ ಉರುಳಿದಾಗ ಅಲ್ಲಿನ ಅನಾಥಾಲಯಗಳಲ್ಲಿ ಸಾವಿರಾರು ಮಕ್ಕಳು ಇದ್ದದ್ದು ಜಗತ್ತಿಗೆ ತಿಳಿಯಿತು. ಸರಿಯಾದ ಊಟವಿಲ್ಲ; ಎತ್ತಿಕೊಳ್ಳುವವರಿಲ್ಲ, ಮಾತನಾಡಿಸುವವರಿಲ್ಲ. ಹಲವು ಮಕ್ಕಳನ್ನು ಇಂಗ್ಲೆಂಡಿನ ಕುಟುಂಬಗಳು ದತ್ತು ತೆಗೆದುಕೊಂಡು ಪ್ರೀತಿಯಿಂದ ಬೆಳೆಸಿದವು. ಅವರಲ್ಲಿ 67 ಜನರು ದೊಡ್ಡವರಾದ ಮೇಲೆ ತೆಗೆದ ಎಂ.ಆರ್.ಐ. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಅಂಥ ಕಷ್ಟವಿಲ್ಲದೆ ಇಂಗ್ಲೆಂಡಿನಲ್ಲೇ ಹುಟ್ಟಿ ದತ್ತು ಹೋದವರೊಂದಿಗೆ ಹೋಲಿಸಿದಾಗ ಅವರ ಮಿದುಳಿನ ಗಾತ್ರ ಸರಾಸರಿ ಶೇಕಡಾ 8.6ರಷ್ಟು ಕಡಿಮೆಯಿತ್ತು. ಅನಾಥಾಲಯದಲ್ಲಿ ಕಳೆದ ತಿಂಗಳುಗಳು ಹೆಚ್ಚಿದಷ್ಟೂ ಮಿದುಳಿನ ಗಾತ್ರ ಕಡಿಮೆಯಾಗಿತ್ತು.

ಆದರೆ ಇದೇ ದೇಶದಿಂದ ಸಮಾಧಾನದ ಸುದ್ದಿಯೂ ಇದೆ. ಬುಕಾರೆಸ್ಟ್ ನಗರದಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ, ಅನಾಥಾಲಯದಿಂದ ಬಿಡಿಸಿ ಮನೆಗಳಲ್ಲಿ ಸಾಕಲು ಕೊಟ್ಟ ಮಕ್ಕಳ ಬಿಳಿ ದ್ರವ್ಯ ಒಂದಷ್ಟು ಚೇತರಿಸಿಕೊಂಡದ್ದು ಕಂಡುಬಂತು. ಮಗುವನ್ನು ಎತ್ತಿ ಮುದ್ದಿಸುವುದು, ಅದರ ತೊದಲು ಮಾತಿಗೆ ಮರುಮಾತು ಕೊಡುವುದು ಅನ್ನ ಹಾಲಿನಷ್ಟೇ ಅಗತ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕಥೆ ಓದಿ ಹೇಳುವುದರ ಬಗ್ಗೆಯೂ ಅಧ್ಯಯನ ನಡೆದಿದೆ. ಅಮೆರಿಕದಲ್ಲಿ 3ರಿಂದ 5 ವರ್ಷದ 19 ಮಕ್ಕಳಿಗೆ ಸ್ಕ್ಯಾನ್ ಯಂತ್ರದೊಳಗೆ ಕಥೆ ಕೇಳಿಸಿ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮನೆಯಲ್ಲಿ ಹೆಚ್ಚು ಓದಿ ಹೇಳಿಸಿಕೊಂಡ ಮಕ್ಕಳಲ್ಲಿ ಮಾತಿನ ಅರ್ಥ ಹಿಡಿಯುವ, ಕೇಳಿದ್ದನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವ ಭಾಗಗಳು ಹೆಚ್ಚು ಚುರುಕಾಗಿದ್ದವು. ಇದು ಸಣ್ಣ ಅಧ್ಯಯನ. ಇದೊಂದರಿಂದಲೇ ಕಾರಣವೂ ಪರಿಣಾಮವೂ ನಿರ್ಧಾರವಾಗುವುದಿಲ್ಲ. ಆದರೂ ರಾತ್ರಿ ಅಜ್ಜಿ ಹೇಳುವ ಕಥೆಗೆ ಖರ್ಚೇನೂ ಇಲ್ಲ, ಅಡ್ಡ ಪರಿಣಾಮವೂ ಇಲ್ಲ.

ಬಲಿತ ಮಿದುಳೂ ಕಲಿಯುತ್ತದೆ

ಹಾಗಾದರೆ ಗಾದೆ ಹೇಳುವಂತೆ ಮರವಾದ ಮೇಲೆ ಬಗ್ಗುವುದೇ ಇಲ್ಲವೇ? ಇಲ್ಲಿ ಮಾತ್ರ ಚಿತ್ರಗಳು ಗಾದೆಯನ್ನು ತುಸು ತಿದ್ದಿವೆ.

ಲಂಡನ್ನಿನಲ್ಲಿ ಟ್ಯಾಕ್ಸಿ ಓಡಿಸುವ ಪರವಾನಗಿ ಬೇಕಾದರೆ ಸುಮಾರು 25,000 ರಸ್ತೆಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಕೊಡಬೇಕು. ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಈ ಚಾಲಕರಲ್ಲಿ ದೊಡ್ಡದಾಗಿದೆ ಎಂದು ಎಲೆನೋರ್ ಮಗ್ವಾಯರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದರು. ಹುಟ್ಟಿನಿಂದಲೇ ಹಾಗಿದ್ದವರು ಚಾಲಕರಾಗಿರಬಹುದಲ್ಲ ಎಂಬ ಸಂದೇಹ ಬಂತು. ಅದಕ್ಕಾಗಿ ತರಬೇತಿಗೆ ಸೇರುವ ಮೊದಲೇ 79 ಜನರ ಚಿತ್ರ ತೆಗೆದು, ಕೆಲವು ವರ್ಷಗಳ ನಂತರ ಮತ್ತೆ ತೆಗೆದು ನೋಡಿದರು. ಪರೀಕ್ಷೆ ಪಾಸಾದವರಲ್ಲಿ ಆ ಭಾಗ ಬೆಳೆದಿತ್ತು, ಪಾಸಾಗದವರಲ್ಲಿ ಬೆಳೆದಿರಲಿಲ್ಲ. ಇದು 2011ರ ವರದಿ.

ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. ಉತ್ತರ ಪ್ರದೇಶದ ಲಖನೌ ಬಳಿಯ ಹಳ್ಳಿಗಳಲ್ಲಿ ಅಕ್ಷರವೇ ತಿಳಿಯದಿದ್ದ ವಯಸ್ಕರಿಗೆ ಆರು ತಿಂಗಳ ಕಾಲ ಹಿಂದಿ ಓದಲು ಬರೆಯಲು ಕಲಿಸಲಾಯಿತು. ಅವರಲ್ಲಿ ಹೆಚ್ಚಿನವರು ಸುಮಾರು ಮೂವತ್ತರ ವಯಸ್ಸಿನ ಮಹಿಳೆಯರು. ಮೊದಲು ಮತ್ತು ನಂತರ ತೆಗೆದ ಚಿತ್ರಗಳನ್ನು ಹೋಲಿಸಿದಾಗ ಮಿದುಳಿನ ಹೊರಪದರಕ್ಕೂ, ಬಹಳ ಆಳದಲ್ಲಿ ಕಣ್ಣಿನಿಂದ ಬಂದ ಮಾಹಿತಿಯನ್ನು ನಿಭಾಯಿಸುವ ಭಾಗಗಳಿಗೂ ಇರುವ ಹೊಂದಾಣಿಕೆ ಹೆಚ್ಚಿತ್ತು. 2017ರಲ್ಲಿ ಈ ವರದಿ ಬಂತು. ಮನೆಗೆಲಸ, ಹೊಲದ ಕೆಲಸದ ನಡುವೆ ಸ್ಲೇಟು ಹಿಡಿದ ಆ ತಾಯಂದಿರ ಮಿದುಳು “ನನಗೆ ವಯಸ್ಸಾಯಿತು” ಎನ್ನಲಿಲ್ಲ.

ಆದರೆ ಒಂದು ಎಚ್ಚರಿಕೆ. ಮೂರು ಚೆಂಡುಗಳನ್ನು ಎಸೆದು ಹಿಡಿಯುವ ಆಟವನ್ನು ಮೂರು ತಿಂಗಳು ಕಲಿತ ಯುವಕರ ಮಿದುಳಿನ ಕೆಲವು ಭಾಗ ದಪ್ಪವಾದದ್ದನ್ನು ಜರ್ಮನಿಯ ವಿಜ್ಞಾನಿಗಳು 2004ರಲ್ಲಿ ತೋರಿಸಿದರು. ಅಭ್ಯಾಸ ಬಿಟ್ಟು ಮೂರು ತಿಂಗಳಾದ ಮೇಲೆ ಅದು ಮತ್ತೆ ಕಡಿಮೆಯಾಗಿತ್ತು. ಅಭ್ಯಾಸ ಬಿಟ್ಟರೆ ವಿದ್ಯೆಯೂ ಮಾಸುತ್ತದೆ ಎಂಬ ನಮ್ಮ ಹಿರಿಯರ ಮಾತು ಹುಸಿಯಲ್ಲ.

ಸದ್ದಿಲ್ಲದ ಪಾರ್ಶ್ವವಾಯು

ಈಗ ನಮ್ಮ ಅಜ್ಜನ ವಿಷಯಕ್ಕೆ ಬರೋಣ. ಪಾರ್ಶ್ವವಾಯು ಎಂದರೆ ಕೈಕಾಲು ಬಿದ್ದುಹೋಗಬೇಕು, ಬಾಯಿ ಸೊಟ್ಟಗಾಗಬೇಕು ಎಂದೇ ನಮ್ಮ ಕಲ್ಪನೆ. ಆದರೆ ಮಿದುಳಿನ ಆಳದ ಕೂದಲೆಳೆಯಂಥ ರಕ್ತನಾಳವೊಂದು ಕಟ್ಟಿಕೊಂಡರೆ, ಅಲ್ಲಿನ ಸಣ್ಣ ಭಾಗ ಸತ್ತರೂ ಹೊರಗೆ ಏನೂ ತಿಳಿಯದಿರಬಹುದು. ಎಂ.ಆರ್.ಐ. ಬಂದ ಮೇಲೆ, ಆರೋಗ್ಯವಾಗಿಯೇ ಇದ್ದೇವೆ ಎನ್ನುವ ವೃದ್ಧರಲ್ಲೂ ಸುಮಾರು ಐವರಲ್ಲಿ ಒಬ್ಬರಿಗೆ ಇಂಥ ಗುರುತುಗಳಿರುವುದು ಪಾಶ್ಚಾತ್ಯ ದೇಶಗಳ ಅಧ್ಯಯನಗಳಲ್ಲಿ ತಿಳಿದುಬಂತು. ಒಂದೊಂದಾಗಿ ಇವು ಸೇರುತ್ತಾ ಹೋದರೆ ನಡಿಗೆ ನಿಧಾನವಾಗುತ್ತದೆ, ಯೋಚನೆ ನಿಧಾನವಾಗುತ್ತದೆ, ಮರೆವು ಹೆಚ್ಚುತ್ತದೆ. ದೊಡ್ಡ ಪಾರ್ಶ್ವವಾಯುವಿನ ಸಾಧ್ಯತೆಯೂ ಹೆಚ್ಚುತ್ತದೆ. ಇದಕ್ಕೆ ಅತಿ ಮುಖ್ಯ ಕಾರಣ ಹತೋಟಿಯಿಲ್ಲದ ರಕ್ತದೊತ್ತಡ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಅದರ ಜೊತೆಗಾರರು.

“ಮೈಗೇನೂ ತೊಂದರೆ ಇಲ್ಲ” ಎಂದು ಮಾತ್ರೆ ಬಿಡುವವರು ಇದನ್ನು ಗಮನಿಸಬೇಕು. ರಕ್ತದೊತ್ತಡ ನೋಯುವುದಿಲ್ಲ, ಅದೇ ಅದರ ಅಪಾಯ. ಮಾತ್ರೆಯಿಂದ ಪ್ರಯೋಜನವಿದೆಯೇ? ಇದೆ. ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಪರೀಕ್ಷೆಯಲ್ಲಿ ಒಂದು ಗುಂಪಿನವರ ಮೇಲಿನ ಒತ್ತಡವನ್ನು 140ಕ್ಕಿಂತ, ಇನ್ನೊಂದು ಗುಂಪಿನವರದನ್ನು 120ಕ್ಕಿಂತ ಕೆಳಗಿಡುವ ಗುರಿಯಿಂದ ಚಿಕಿತ್ಸೆ ಕೊಟ್ಟರು. ಅವರಲ್ಲಿ 449 ಜನರ ಮಿದುಳನ್ನು ಸುಮಾರು ನಾಲ್ಕು ವರ್ಷದ ಅಂತರದಲ್ಲಿ ಎರಡು ಸಲ ಚಿತ್ರ ತೆಗೆದು ಹೋಲಿಸಿ 2019ರಲ್ಲಿ ಪ್ರಕಟಿಸಿದರು. ಒತ್ತಡವನ್ನು ಹೆಚ್ಚು ಬಿಗಿಯಾಗಿ ಹಿಡಿದ ಗುಂಪಿನಲ್ಲಿ ಬಿಳಿ ದ್ರವ್ಯದ ಹಾನಿ ಕಡಿಮೆಯಾಗಿ ಬೆಳೆದಿತ್ತು. ಹಾಗೆಂದು ಎಲ್ಲರೂ 120ಕ್ಕೆ ಇಳಿಸಿಕೊಳ್ಳಬೇಕೆಂದಲ್ಲ. ಕೆಲವು ವೃದ್ಧರಿಗೆ ಒತ್ತಡ ಬಹಳ ಇಳಿದರೆ ತಲೆ ಸುತ್ತಿ ಬೀಳುವ ಅಪಾಯವಿದೆ. ನಿಮಗೆ ಎಷ್ಟು ಸರಿ ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು.

“ಅರವತ್ತಕ್ಕೆ ಅರಳುಮರಳು” ಎಂಬ ಮಾತನ್ನೂ ನಾವು ಮರೆಯಬೇಕಾಗಿದೆ. ಮರೆಗುಳಿತನ ವಯಸ್ಸಿನ ಸಹಜ ಲಕ್ಷಣವಲ್ಲ, ಅದೊಂದು ಕಾಯಿಲೆ. ಆಲ್‌ಜೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ‘ಪೆಟ್’ ಎಂಬ ಸ್ಕ್ಯಾನಿನಲ್ಲಿ ಈಗ ನೋಡಬಹುದು. ಮರೆವು ತೋರುವುದಕ್ಕೆ 15–20 ವರ್ಷ ಮೊದಲೇ ಅದು ಶೇಖರವಾಗತೊಡಗುತ್ತದೆ ಎಂದು ಗೊತ್ತಾಗಿದೆ. ಅಂದರೆ ಎಪ್ಪತ್ತರಲ್ಲಿ ಕಾಣುವ ಕಾಯಿಲೆಯ ಬೇರು ಐವತ್ತರ ಆಸುಪಾಸಿನಲ್ಲಿದೆ. ಲ್ಯಾನ್ಸೆಟ್ ವೈದ್ಯ ಪತ್ರಿಕೆ ನೇಮಿಸಿದ ತಜ್ಞರ ಸಮಿತಿ 2024ರಲ್ಲಿ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿ, ಅವೆಲ್ಲವನ್ನೂ ನಿವಾರಿಸಿದರೆ ಜಗತ್ತಿನ ಮರೆಗುಳಿತನದ ಪ್ರಕರಣಗಳಲ್ಲಿ ಸುಮಾರು ಶೇಕಡಾ 45ನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅಂದಾಜು ಮಾಡಿತು. ಪಟ್ಟಿಯಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ವ್ಯಾಯಾಮದ ಕೊರತೆ ಇವೆ. ಚಿಕಿತ್ಸೆಯಿಲ್ಲದ ಕಿವುಡು, ದೃಷ್ಟಿದೋಷ ಮತ್ತು ಒಂಟಿತನ ಕೂಡ ಇವೆ. ಕಿವಿ ಕೇಳದ ಅಜ್ಜಿಗೆ ಶ್ರವಣಯಂತ್ರ ಕೊಡಿಸುವುದೂ ಮಿದುಳಿನ ಆರೈಕೆಯೇ.

ಇಂಥ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕ, ಯೂರೋಪಿನವರ ಮೇಲೆ ನಡೆದವು. ನಮ್ಮ ಊಟ, ವಿದ್ಯಾಭ್ಯಾಸ, ದುಡಿಮೆ ಬೇರೆ. ಈ ಕೊರತೆ ತುಂಬಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 2018ರಲ್ಲಿ ದೀರ್ಘಕಾಲದ ಅಧ್ಯಯನವೊಂದನ್ನು ಆರಂಭಿಸಿತು. 45 ವರ್ಷ ದಾಟಿದ ಸುಮಾರು 10,000 ಗ್ರಾಮಸ್ಥರನ್ನು ವರ್ಷಗಟ್ಟಲೆ ಗಮನಿಸುವುದು ಇದರ ಗುರಿ. ನೆನಪಿನ ಪರೀಕ್ಷೆ, ರಕ್ತ ಪರೀಕ್ಷೆಗಳ ಜೊತೆ ಎಂ.ಆರ್.ಐ. ಕೂಡ ಇದರ ಭಾಗ. ನಮ್ಮ ರೈತರ, ಕೂಲಿಕಾರರ ಮಿದುಳಿನ ಮುಪ್ಪು ಹೇಗಿರುತ್ತದೆಂದು ಇದರಿಂದ ತಿಳಿಯಬೇಕಾಗಿದೆ.

ಚಿತ್ರ ಹೇಳಲಾರದ್ದು

ಇಷ್ಟೆಲ್ಲ ಓದಿದ ಮೇಲೆ, “ಹಾಗಾದರೆ ನಮ್ಮ ಮಗುವಿಗೂ ಒಂದು ಸ್ಕ್ಯಾನ್ ಮಾಡಿಸಿಬಿಡೋಣ” ಎಂದು ಯಾರಿಗಾದರೂ ಅನ್ನಿಸಬಹುದು. ದಯವಿಟ್ಟು ಬೇಡ. ಮೇಲೆ ಹೇಳಿದ ಫಲಿತಾಂಶಗಳೆಲ್ಲ ಗುಂಪುಗಳ ಸರಾಸರಿಗಳು. ಒಬ್ಬ ಹುಡುಗನ ಚಿತ್ರ ನೋಡಿ ಅವನು ಜಾಣನೋ ದಡ್ಡನೋ, ಎಂಜಿನಿಯರ್ ಆಗುತ್ತಾನೋ ಸಂಗೀತಗಾರನಾಗುತ್ತಾನೋ ಎಂದು ಹೇಳಬಲ್ಲ ವೈದ್ಯ ಜಗತ್ತಿನಲ್ಲಿ ಯಾರೂ ಇಲ್ಲ.

ವಿಜ್ಞಾನಿಗಳೇ ಎಷ್ಟು ಎಚ್ಚರದಿಂದಿರಬೇಕು ಎಂಬುದಕ್ಕೆ ಒಂದು ತಮಾಷೆಯ ಪ್ರಸಂಗವಿದೆ. 2009ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಸತ್ತ ಸಾಲ್ಮನ್ ಮೀನೊಂದನ್ನು ಎಂ.ಆರ್.ಐ. ಯಂತ್ರದಲ್ಲಿಟ್ಟು ಅದಕ್ಕೆ ಮನುಷ್ಯರ ಭಾವಚಿತ್ರಗಳನ್ನು ತೋರಿಸಿದರು. ಲೆಕ್ಕಾಚಾರದಲ್ಲಿ ತಕ್ಕ ತಿದ್ದುಪಡಿ ಮಾಡದಿದ್ದಾಗ, ಸತ್ತ ಮೀನಿನ ಮಿದುಳೂ ‘ಯೋಚಿಸುತ್ತಿರುವಂತೆ’ ಚಿತ್ರದಲ್ಲಿ ಬಣ್ಣ ಮೂಡಿತು! ಬಣ್ಣದ ಚಿತ್ರ ಕಂಡ ಕೂಡಲೇ ನಂಬಬಾರದೆಂದು ತೋರಿಸುವುದೇ ಅವರ ಉದ್ದೇಶವಾಗಿತ್ತು.

ಮಿದುಳಿನ ಚಿತ್ರ ಮುದ್ರಿಸಿದ ಜಾಹೀರಾತುಗಳ ಬಗ್ಗೆಯೂ ಇದೇ ಎಚ್ಚರ ಇರಲಿ. ನೆನಪಿನ ಶಕ್ತಿಯ ಟಾನಿಕ್, ಕಣ್ಣಿಗೆ ಬಟ್ಟೆ ಕಟ್ಟಿ ‘ಮಿಡ್‌ಬ್ರೇನ್’ ಎಚ್ಚರಿಸುವ ತರಗತಿ, ಬೆರಳಚ್ಚು ನೋಡಿ ಮಗುವಿನ ಪ್ರತಿಭೆ ಹೇಳುವ ಪರೀಕ್ಷೆ, ಇವುಗಳಿಗೆ ಮಿದುಳಿನ ಸಂಶೋಧನೆಯ ಆಧಾರವಿಲ್ಲ. ಆ ಹಣದಲ್ಲಿ ಮಗುವಿಗೆ ಪುಸ್ತಕ ಕೊಡಿಸಿ.

ಸ್ಕ್ಯಾನ್ ಯಾವಾಗ ಬೇಕು?

ಕೆಳಗಿನ ಸಂದರ್ಭಗಳಲ್ಲಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು:

1. ಇದ್ದಕ್ಕಿದ್ದಂತೆ ಮುಖದ ಒಂದು ಪಕ್ಕ ಜೋಲುವುದು, ಒಂದು ಕೈ ಅಥವಾ ಕಾಲಿನ ಶಕ್ತಿ ಕುಂದುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು. ಕೆಲವೇ ನಿಮಿಷಗಳಲ್ಲಿ ಸರಿಹೋದರೂ ಬಿಡಬೇಡಿ. ಕಾರಣ ರಕ್ತ ಹೆಪ್ಪುಗಟ್ಟಿದ್ದೋ, ರಕ್ತಸ್ರಾವವೋ ಎಂದು ಸಿ.ಟಿ. ಸ್ಕ್ಯಾನ್ ನೋಡಿಯೇ ತಿಳಿಯಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾದದ್ದು. ಬೆಳಗಾಗಲಿ, ಮಗ ಊರಿನಿಂದ ಬರಲಿ ಎಂದು ಕಾಯಬೇಡಿ.

2. ಮೊದಲ ಬಾರಿ ಫಿಟ್ಸ್ ಬಂದಾಗ.

3. ತಲೆಗೆ ಪೆಟ್ಟು ಬಿದ್ದ ನಂತರ ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಮಂಪರು ಹೆಚ್ಚುತ್ತಿದ್ದರೆ.

4. ಜೀವನದಲ್ಲಿ ಎಂದೂ ಕಾಣದಂಥ ತಲೆನೋವು ಸಿಡಿಲಿನಂತೆ ಬಡಿದರೆ. ಅಥವಾ ತಲೆನೋವು ದಿನೇ ದಿನೇ ಹೆಚ್ಚುತ್ತಾ ಬೆಳಗಿನ ಹೊತ್ತು ವಾಂತಿಯಾಗುತ್ತಿದ್ದರೆ.

5. ಮರೆವು, ನಡಿಗೆಯ ತೊಂದರೆ, ಸ್ವಭಾವದ ಬದಲಾವಣೆ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ. ಇದು ತುರ್ತಲ್ಲ, ಆದರೆ ವೈದ್ಯರಿಗೆ ತೋರಿಸಲೇಬೇಕು.

ಅಂಕ ಕಡಿಮೆ ಬಂದದ್ದಕ್ಕೆ, ಸಾಮಾನ್ಯ ತಲೆನೋವಿಗೆ, ‘ಒಮ್ಮೆ ನೋಡಿಬಿಡೋಣ’ ಎಂಬ ಸಮಾಧಾನಕ್ಕೆ ಸ್ಕ್ಯಾನ್ ಬೇಕಿಲ್ಲ. ತಲೆಯ ಒಂದು ಸಿ.ಟಿ. ಸ್ಕ್ಯಾನಿನ ವಿಕಿರಣ ಎದೆಯ ಸುಮಾರು 100 ಎಕ್ಸ್‌ರೇಗಳಿಗೆ ಸಮ. ಅಗತ್ಯವಿದ್ದಾಗ ಅದಕ್ಕೆ ಹೆದರಬೇಕಿಲ್ಲ. ಅಗತ್ಯವಿಲ್ಲದಾಗ ಮಕ್ಕಳಿಗೆ ಕೊಡಬಾರದು. ಎಂ.ಆರ್.ಐ.ಯಲ್ಲಿ ಇಂಥ ವಿಕಿರಣವಿಲ್ಲ. ಆದರೆ ಪೇಸ್‌ಮೇಕರ್, ಹಳೆಯ ಶಸ್ತ್ರಚಿಕಿತ್ಸೆಯಲ್ಲಿ ಹಾಕಿದ ಲೋಹದ ಕ್ಲಿಪ್ಪು ಮುಂತಾದವು ದೇಹದಲ್ಲಿದ್ದರೆ ಮೊದಲೇ ತಿಳಿಸಬೇಕು.

ಮನೆಯಲ್ಲೇ ಮಾಡಬಹುದಾದದ್ದು

ಅಮೆರಿಕದಲ್ಲಿ 120 ಜನ ವೃದ್ಧರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ಮೂರು ದಿನ 40 ನಿಮಿಷದವರೆಗೆ ಚುರುಕಾಗಿ ನಡೆದವರ ಹಿಪ್ಪೊಕ್ಯಾಂಪಸ್ ಒಂದು ವರ್ಷದಲ್ಲಿ ಸುಮಾರು ಶೇಕಡಾ 2ರಷ್ಟು ಬೆಳೆಯಿತು. ಬರಿಯ ಮೈಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಅದು ಕುಗ್ಗಿತು. ನಂತರದ ಎಲ್ಲ ಅಧ್ಯಯನಗಳಲ್ಲೂ ಇಷ್ಟೇ ಫಲ ಕಂಡಿಲ್ಲವಾದರೂ, ನಡಿಗೆ ಹೃದಯಕ್ಕೂ ರಕ್ತನಾಳಕ್ಕೂ ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಹೃದಯಕ್ಕೆ ಒಳ್ಳೆಯದಾದದ್ದು ಮಿದುಳಿಗೂ ಒಳ್ಳೆಯದು.

ನಾವು ಗಾಢ ನಿದ್ರೆಯಲ್ಲಿರುವಾಗ ಮಿದುಳಿನ ಸುತ್ತಲಿನ ದ್ರವ ಅಲೆ ಅಲೆಯಾಗಿ ಒಳಹೊರಗೆ ಹರಿಯುವುದನ್ನು 2019ರಲ್ಲಿ ಎಂ.ಆರ್.ಐ. ಮೂಲಕ ತೋರಿಸಲಾಯಿತು. ಮಿದುಳಿನ ಕಸ ತೊಳೆಯಲು ಇದು ನೆರವಾಗುತ್ತದೆಂದು ವಿಜ್ಞಾನಿಗಳು ನಂಬುತ್ತಾರೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕು. ಫೋನು ರಾತ್ರಿ ಮಲಗುವ ಕೋಣೆಯ ಹೊರಗಿರಲಿ. ಈ ನಿಯಮ ಅಪ್ಪ ಅಮ್ಮನಿಗೂ ಅನ್ವಯಿಸಲಿ. ಮದ್ಯದ ಬಗ್ಗೆಯೂ ಒಂದು ಮಾತು: ಬ್ರಿಟನ್ನಿನ 36,000ಕ್ಕೂ ಹೆಚ್ಚು ವಯಸ್ಕರ ಚಿತ್ರಗಳನ್ನು ನೋಡಿದ 2022ರ ಅಧ್ಯಯನದಲ್ಲಿ, ಮಿತವಾಗಿ ಕುಡಿಯುವವರಲ್ಲೂ ಮಿದುಳಿನ ಗಾತ್ರ ಕಡಿಮೆಯಿರುವುದು ಕಂಡುಬಂತು.

ನಲವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳಿ. ಮಾತ್ರೆ ಹೇಳಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಆ ಒಂದು ಮಾತ್ರೆಯ ಬೆಲೆ ಒಂದು ಎಂ.ಆರ್.ಐ. ಬೆಲೆಯ ಮುಂದೆ ಏನೂ ಅಲ್ಲ.

ಹೇಳಲು ಮರೆತೆ. ಮೊನ್ನೆ ಆ ಅಜ್ಜ ಮತ್ತೆ ಬಂದಿದ್ದರು. ಒತ್ತಡ 136/82ಕ್ಕೆ ಇಳಿದಿತ್ತು. ಸತ್ತ ನರಕೋಶಗಳು ಹಿಂತಿರುಗುವುದಿಲ್ಲ, ಉಳಿದವನ್ನು ಉಳಿಸಿಕೊಳ್ಳಬಹುದು ಎಂದು ಹೇಳಿದ್ದನ್ನು ಅವರು ಮನಸ್ಸಿಗೆ ತೆಗೆದುಕೊಂಡಿದ್ದಾರೆ. ದಿನವೂ ಬೆಳಿಗ್ಗೆ ಮೊಮ್ಮಗನನ್ನು ಎಬ್ಬಿಸಿ ಜೊತೆಗೆ ನಡೆಯಲು ಹೋಗುತ್ತಾರಂತೆ. ಹಾಗಾಗಿ ಅವನೂ ರಾತ್ರಿ ಹತ್ತಕ್ಕೇ ಮಲಗಬೇಕಾಗಿದೆ. ಹುಡುಗ ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದ. “ತಲೆನೋವು ಹೇಗಿದೆ?” ಎಂದು ಕೇಳಿದೆ. “ಇಲ್ಲ ಡಾಕ್ಟ್ರೇ. ಆದರೆ ತಾತ ಐದೂವರೆಗೇ ಎಬ್ಬಿಸ್ತಾರೆ” ಎಂದು ದೂರು ಹೇಳಿದ.

ಆ ದೂರಿಗೆ ನನ್ನಲ್ಲಿ ಮದ್ದಿರಲಿಲ್ಲ.